ಬಾವಿಯ ಬಾಗಿಲು

ಪ್ರವಾದಿಗಳು ಊರಬಾಗಿಲಲ್ಲಿ ನಿಂತು ದೇವರ ಮಾತು ಸಾರುತ್ತಿದ್ದ ಕಾಲವದು. ಕೇಳುವವರು ಕಡಿಮೆ, ಕಲ್ಲೆಸೆಯುವವರೇ ಹೆಚ್ಚು.

ಆಗ ಅಮರ್ಯ ಎಂಬ ವೃದ್ಧ ಪ್ರವಾದಿ ಒಬ್ಬರಿದ್ದರು. ಗುಡ್ಡದ ಮೇಲೆ ಕೋಟೆ ಕಟ್ಟಿದ ಊರು. ಗುಡ್ಡದ ಬುಡದಲ್ಲಿ, ಬಂಡೆಯ ಸಂದಿಯಿಂದ ಜಿನುಗುವ ಸಣ್ಣ ಒರತೆಯ ಪಕ್ಕ, ಅವರ ಗುಡಿಸಲು. ಸುತ್ತ ಮುಳ್ಳುಬೇಲಿ, ಬೇಲಿಗೊಂದು ಮರದ ಬಾಗಿಲು.

ಒಂದು ಕಾಲಕ್ಕೆ ಅಲ್ಲಿ ಶಿಷ್ಯರು ತುಂಬಿದ್ದರು. ಈಗ ಉಳಿದವನು ಹೇಮಾನನೊಬ್ಬನೇ.

ಉಳಿದವರು ಯಾಕೆ ಹೋದರು ಎಂಬುದಕ್ಕೆ ಊರ ಬಾವಿಯ ಕಥೆ ಹೇಳಬೇಕು.

ಕೋಟೆಯ ಒಳಗೆ ಆಳವಾದ ಬಾವಿಯೊಂದಿತ್ತು. ಊರವರೂ, ಕೋಟೆಯ ಹೊರಗಿನ ಕುರಿಗಾಹಿಗಳೂ, ದಿಕ್ಕಿಲ್ಲದವರೂ ಅದೇ ನೀರು ಕುಡಿಯುತ್ತಿದ್ದರು. ಒಂದು ಬೇಸಿಗೆಯಲ್ಲಿ ಊರ ಹಿರಿಯರು ಬಾವಿಗೆ ಬಾಗಿಲು ಇಡಿಸಿದರು. ‘ಮೊದಲು ನಮ್ಮವರಿಗೆ ಸಾಕಾಗಲಿ’ ಎಂದರು. ಅದೇ ಬೇಸಿಗೆಯಲ್ಲಿ ಆ ಬಾಗಿಲ ಎದುರು ಒಬ್ಬ ಕುರಿಗಾಹಿಯ ಕೂಸು ತಾಯಿಯ ತೊಡೆಯ ಮೇಲೆಯೇ ಸತ್ತುಹೋಯಿತು.

ಮರುದಿನ ಅಮರ್ಯರು ಊರಬಾಗಿಲಿಗೆ ಹೋಗಿ ನಿಂತರು.

“ದಿಕ್ಕಿಲ್ಲದವರಿಗೆ ನೀವು ಬಾವಿ ಮುಚ್ಚಿದಿರಿ. ಕರ್ತನು ಅದನ್ನು ನಿಮಗೂ ಮುಚ್ಚುತ್ತಾನೆ. ಈಗಲೇ ಬಾಗಿಲು ತೆಗೆಯಿರಿ.”

ಯಾರೂ ತೆಗೆಯಲಿಲ್ಲ. ಅಮರ್ಯರು ಮರುದಿನವೂ ಹೋದರು. ಆಮೇಲೆ ಹೋಗುತ್ತಲೇ ಇದ್ದರು. ವರ್ಷಗಳು ಕಳೆದವು. ಬಾವಿಯ ನೀರು ಮಾತ್ರ ಒಂದು ಗೇಣೂ ಇಳಿಯಲಿಲ್ಲ.

ಊರಿನಲ್ಲಿ ಬೇರೆ ಪ್ರವಾದಿಗಳೂ ಇದ್ದರು. ಹಿರಿಯರ ಮನೆಯಲ್ಲಿ ಉಂಡು, ಎಲ್ಲ ಸುಖವಾಗಿಯೇ ಇರುತ್ತದೆ ಎಂದು ಹರಸಿ ಬರುವವರು. ಅಮರ್ಯರ ಶಿಷ್ಯರು ಒಬ್ಬೊಬ್ಬರಾಗಿ ಅವರ ಕಡೆ ಸರಿದರು. ಕೆಲವರು ಹೇಳಿ ಹೋದರು, ಕೆಲವರು ಹೇಳದೆ ಹೋದರು.

ಒಮ್ಮೆ ಹೇಮಾನ ಕೇಳಿದ: “ಗುರುಗಳೇ, ನಾನೂ ಹೋಗಿಬಿಟ್ಟರೆ?”

“ಹೋಗಬೇಕೆನಿಸಿದರೆ ಹೋಗು. ದಾರಿಗೆ ನೀರು ತುಂಬಿಕೊಂಡು ಹೋಗು.”

ಅವನು ಹೋಗಲಿಲ್ಲ. ಹೋಗುವುದಕ್ಕೆ ಅವನಿಗೆ ಮನೆಯೂ ಇರಲಿಲ್ಲ. ಇದ್ದವಳು ಒಬ್ಬ ಅಕ್ಕ, ಮಿಲ್ಕಾ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಅವಳ ಗಂಡನ ಮನೆ ಕೋಟೆಯ ಒಳಗೇ ಇತ್ತು. ಹೇಮಾನ ಪ್ರವಾದಿಯ ಪಕ್ಕದಲ್ಲಿ ನಿಲ್ಲತೊಡಗಿದ ಮೇಲೆ ಆ ಮನೆಯ ಕದ ಅವನಿಗೆ ಪೂರ್ತಿ ತೆರೆಯಲಿಲ್ಲ.

ಕೊನೆಯ ಸಲ ಹೋದಾಗ ಅಕ್ಕ ಕದವನ್ನು ಸ್ವಲ್ಪವೇ ಸರಿಸಿ, ಬೀದಿಯ ಆಚೆ ಈಚೆ ನೋಡಿದಳು.

“ಊಟ ಆಯ್ತೇನೋ?”

“ಆಯ್ತಕ್ಕ.”

ಆಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

“ಇಲ್ಲಿಗೆ ಬರಬೇಡ ಕಣೋ. ನಿನ್ನ ದೆಸೆಯಿಂದ ಇವರನ್ನೂ ಜನ ಮಾತಾಡಿಸುತ್ತಿಲ್ಲ,” ಎಂದು ಅವಳು ಕದ ಹಾಕಿಕೊಂಡಳು.

ಅಂದಿನಿಂದ ಹೇಮಾನನ ಜೊತೆ ಮಾತನಾಡುವವರು ಗುರುಗಳೊಬ್ಬರೇ. ಗುರುಗಳೋ, ಮಾತು ಕಡಿಮೆ. ಕೆಲವು ದಿನ ಅವನು ಬಂಡೆಯ ಹತ್ತಿರ ಹೋಗಿ ತನ್ನ ಹೆಸರನ್ನೇ ಕೂಗುತ್ತಿದ್ದ. ಯಾರೋ ಕರೆದಂತೆ ಕೇಳಿಸಲಿ ಎಂದು.

ಒಂದು ಮಧ್ಯಾಹ್ನ ಊರಬಾಗಿಲಲ್ಲಿ ಶೋಬಾಲನೆಂಬ ಹಿರಿಯ ಅಮರ್ಯರನ್ನು ತಡೆದ. ಅವನ ಆಳಿನ ತಲೆಯ ಮೇಲೆ ತುಂಬಿದ ಕೊಡವಿತ್ತು.

“ಏನಪ್ಪಾ ಮುದುಕಪ್ಪ, ನಿನ್ನ ದೇವರಿಗೆ ನಮ್ಮ ಬಾವಿಯ ದಾರಿ ತಪ್ಪಿತೇ? ತಗೋ, ನೀನೇ ನೋಡು.”

ಎಂದವನು ಕೊಡವನ್ನು ಗುರುಗಳ ತಲೆಯ ಮೇಲೆ ಬೋರಲು ಹಾಕಿದ. ಸುತ್ತಲಿದ್ದವರು ನಕ್ಕರು.

ಗುರುಗಳು ಗಡ್ಡದಿಂದ ಇಳಿಯುತ್ತಿದ್ದ ನೀರನ್ನು ಅಂಗೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡರು.

“ಇನ್ನೂ ಸಿಹಿಯಾಗಿದೆ. ಕರ್ತನಿಗೆ ಸ್ತೋತ್ರ!” ಎಂದರು. ಆಮೇಲೆ ಎಂದಿನ ಮಾತನ್ನೇ ಸಾರಿದರು.

ಗುಡ್ಡ ಇಳಿಯುವಾಗ ಹೇಮಾನ ಹಲ್ಲು ಕಚ್ಚಿಕೊಂಡಿದ್ದ. ಗುರುಗಳ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

“ನಿಮಗೆ ಸಿಟ್ಟೇ ಬರುವುದಿಲ್ಲವೇ?”

“ಬರುತ್ತದೆ.”

“ಮತ್ತೆ ಸ್ತೋತ್ರ ಯಾಕೆ ಹೇಳಿದಿರಿ?”

ಗುರುಗಳು ನಡೆಯುತ್ತಲೇ ಹೋದರು.

ಆ ದಿನದಿಂದ ಹೇಮಾನ ಮಲಗುವ ಮುಂಚೆ ಒಂದು ಪ್ರಾರ್ಥನೆ ಹಿಡಿದ. ‘ಕರ್ತನೇ, ನನ್ನ ಗುರುಗಳ ಮಾತು ನಿಜ ಮಾಡು. ಇವರೆಲ್ಲ ನೋಡುವ ಹಾಗೆ ನಿಜ ಮಾಡು.’ ಇದನ್ನು ಅವನು ಗುರುಗಳಿಗೆ ಹೇಳಲಿಲ್ಲ.

ಕೊಯ್ಲಿನ ಹೊತ್ತಿಗೆ ಒಂದು ಮುಂಜಾನೆ ಭೂಮಿ ನಡುಗಿತು.

ದೊಡ್ಡ ನಡುಕವೇನಲ್ಲ. ಗೋಡೆಗಳು ಬಿರುಕು ಬಿಟ್ಟವು, ಮಡಕೆಗಳು ಉರುಳಿದವು, ಯಾರೂ ಸಾಯಲಿಲ್ಲ. ಆದರೆ ಬಾವಿಯ ತಳ ಸೀಳಿತು. ಕಲ್ಲಿನ ಬಾಯಿಯೊಳಗೆ ನೀರೆಲ್ಲ ಗಟಗಟನೆ ಇಳಿದುಹೋಯಿತು. ಹೊತ್ತು ಏರುವಷ್ಟರಲ್ಲಿ ಬಾವಿಯಲ್ಲಿ ಉಳಿದದ್ದು ನಾರುವ ಕೆಸರು. ಮನೆಗಳಲ್ಲಿ ಉಳಿದಿದ್ದ ನೀರೂ ಮರುದಿನ ಬೆಳಗಾಗುವಷ್ಟರಲ್ಲಿ ಮುಗಿಯಿತು.

ಅಂದು ಗುರುಗಳು ಒರತೆಯ ಬಳಿ ಇರಲಿಲ್ಲ. ಕುರಿಗಾಹಿಗಳ ಬಿಡಾರದಲ್ಲಿ ಯಾರಿಗೋ ಜ್ವರವೆಂದು, ನೀರಿನ ತೊಗಲು ಬುದ್ದಲಿ ಹೆಗಲಿಗೆ ಹಾಕಿಕೊಂಡು ನಡುಕದ ಹಿಂದಿನ ದಿನವೇ ಹೋಗಿದ್ದರು.

ಹೇಮಾನ ಒಬ್ಬನೇ ಇದ್ದ. ಗುಡ್ಡದ ದಾರಿಯಲ್ಲಿ ಜನ ಇಳಿದು ಬರುವುದು ಕಂಡಿತು. ಎಲ್ಲರ ಕೈಯಲ್ಲೂ ಖಾಲಿ ಕೊಡಗಳು.

ಅವನಿಗೆ ವಿಷಯ ಅರ್ಥವಾಯಿತು. ಮೈಯೆಲ್ಲ ಜುಮ್ಮೆಂದಿತು. ಎಷ್ಟೋ ವರ್ಷಗಳ ಮೇಲೆ ಅವನ ಮುಖದಲ್ಲಿ ನಗು ಬಂತು.

ಅವನು ಬೇಲಿಯ ಬಾಗಿಲು ಮುಚ್ಚಿ ಒಳಗಿನಿಂದ ಅಗುಳಿ ಹಾಕಿದ.

ಎಲ್ಲರಿಗಿಂತ ಮುಂದೆ ಶೋಬಾಲನಿದ್ದ. ತುಟಿ ಒಣಗಿ ಬಿಳುಚಿತ್ತು.

“ಬಾಗಿಲು ತೆಗೆಯಪ್ಪಾ. ಬಾವಿ ಬತ್ತಿಹೋಯ್ತು.”

“ಬತ್ತಿತೇ? ಚೆನ್ನಾಗಿ ಇಣುಕಿ ನೋಡಿದಿರಾ ಹಿರಿಯರೇ? ತುಂಬಿಯೇ ಇರುತ್ತದೆ.”

“ತಪ್ಪಾಯ್ತು. ಮಕ್ಕಳಿದ್ದಾರೆ.”

“ಆ ಕುರಿಗಾಹಿಗೂ ಮಗುವಿತ್ತು.”

ಶೋಬಾಲ ತಲೆ ತಗ್ಗಿಸಿದ. ಹೇಮಾನ ಬೇಲಿಯ ಒಳಗಿನ ಕಲ್ಲಿನ ಮೇಲೆ ಹತ್ತಿ ನಿಂತ. ಗುರುಗಳು ಸಾರುತ್ತಿದ್ದ ಮಾತನ್ನು ಗುರುಗಳ ಧಾಟಿಯಲ್ಲೇ ಸಾರಿದ: “ದಿಕ್ಕಿಲ್ಲದವರಿಗೆ ನೀವು ಬಾವಿ ಮುಚ್ಚಿದಿರಿ! ಕರ್ತನು ಅದನ್ನು ನಿಮಗೂ ಮುಚ್ಚಿದ್ದಾನೆ!”

ಯಾರೂ ನಗಲಿಲ್ಲ. ಅಷ್ಟು ಜನ ತನ್ನ ಮಾತು ಕೇಳುತ್ತಾ ನಿಂತದ್ದು ಅವನ ಬದುಕಿನಲ್ಲಿ ಅದೇ ಮೊದಲು.

ಆಗ ಅವನಿಗೆ ಅಕ್ಕ ಕಂಡಳು.

ಮಿಲ್ಕಾ ಗುಂಪಿನಿಂದ ಸ್ವಲ್ಪ ದೂರ, ಮಗನನ್ನು ಮಡಿಲಲ್ಲಿ ಹಾಕಿಕೊಂಡು ನೆಲದ ಮೇಲೆ ಕುಳಿತಿದ್ದಳು. ತಮ್ಮನ ಕಡೆ ನೋಡುತ್ತಿರಲಿಲ್ಲ. ಮಗುವಿನ ಕುತ್ತಿಗೆ ವಾಲಿತ್ತು.

ಹೇಮಾನ ಕಲ್ಲಿನಿಂದ ಇಳಿದ. ಬೋಗುಣಿಯಲ್ಲಿ ನೀರು ಹಿಡಿದು ಬೇಲಿಯ ಹತ್ತಿರ ಬಂದ.

“ಅಕ್ಕಾ, ಬಾ. ನೀನೊಬ್ಬಳು ಬಾ.”

ಅವಳು ಎದ್ದು ಬಂದಳು. ಮುಳ್ಳಿನ ಮೇಲಿಂದ ಬೋಗುಣಿ ಈಸಿಕೊಂಡು ಮಗುವಿಗೆ ಕುಡಿಸಿದಳು. ಮಗು ಕಣ್ಣು ಬಿಟ್ಟಿತು. ತಳದಲ್ಲಿ ಇನ್ನೂ ಒಂದು ಗುಟುಕು ಉಳಿದಿತ್ತು.

“ನೀನೂ ಕುಡಿಯಕ್ಕ.”

ಅವಳು ಹಿಂದೆ ತಿರುಗಿ ನೋಡಿದಳು. ಎಲ್ಲರ ಕಣ್ಣೂ ಬೋಗುಣಿಯ ಮೇಲೆಯೇ ಇದ್ದವು. ಪಕ್ಕದಲ್ಲಿದ್ದ ಯಾವುದೋ ಹುಡುಗಿಯ ಬಾಯಿಗೆ ಆ ಗುಟುಕನ್ನು ಹಿಡಿದು, ಖಾಲಿ ಬೋಗುಣಿಯನ್ನು ತಮ್ಮನ ಕೈಗೆ ಕೊಟ್ಟಳು.

“ನಾನು ಅವತ್ತು ನಿನಗೆ ಕದ ಹಾಕಿದ ಮೇಲೆ ಊಟ ಮಾಡಲಿಲ್ಲ ಕಣೋ. ಗಂಟಲಲ್ಲಿ ಇಳಿಯಲಿಲ್ಲ,” ಎಂದಳು. “ನಿನಗೆ ಹೇಗೆ ಇಳಿಯುತ್ತದೋ ಕಾಣೆ.”

ಮತ್ತೆ ಹೋಗಿ ಜನರ ನಡುವೆ ಕುಳಿತುಕೊಂಡಳು.

ಹೇಮಾನ ಬೋಗುಣಿ ಹಿಡಿದು ಹಾಗೆಯೇ ನಿಂತ. ಬಿಸಿಲು ಏರುತ್ತಿತ್ತು. ಕೂಗುವುದಕ್ಕೆ ಮಾತುಗಳು ಉಳಿದಿರಲಿಲ್ಲ. ಅಗುಳಿಗೆ ಕೈ ಹಾಕುವುದಕ್ಕೂ ಆಗಲಿಲ್ಲ. ಅಗುಳಿ ತೆಗೆದರೆ ಅಷ್ಟು ವರ್ಷಗಳ ಅವಮಾನವೆಲ್ಲ ಸುಮ್ಮನೆ ಹೋಗಿಬಿಡುತ್ತದೆ ಎನಿಸಿತು. ಬೇಲಿಯ ಆಚೆ ಇಡೀ ಊರು, ಈಚೆ ಅವನೊಬ್ಬ. ಇಷ್ಟು ಒಂಟಿಯಾಗಿ ಅವನು ಹಿಂದೆಂದೂ ಇರಲಿಲ್ಲ.

ಅಷ್ಟರಲ್ಲಿ ಬಯಲಿನ ಕಡೆಯಿಂದ ಗುರುಗಳು ಬರುವುದು ಕಂಡಿತು. ಬುದ್ದಲಿ ಖಾಲಿಯಾಗಿ ಹೆಗಲ ಮೇಲೆ ಜೋಲುತ್ತಿತ್ತು. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಗುರುಗಳು ಕೊಡಗಳನ್ನು ನೋಡಿದರು. ಶೋಬಾಲನನ್ನು ನೋಡಿದರು. ಬಾಗಿಲನ್ನು ತಳ್ಳಿದರು. ಅದು ತೆರೆಯಲಿಲ್ಲ.

ಹೇಮಾನ ಓಡಿ ಬಂದು ಅಗುಳಿ ಎಳೆದ. “ಬನ್ನಿ ಗುರುಗಳೇ, ದಣಿದಿದ್ದೀರಿ. ನೀರು ಕುಡಿಯಿರಿ.”

“ಇವರು ನನಗಿಂತ ಮೊದಲು ಬಂದವರಲ್ಲವೇ?”

“ಹೌದು...”

“ಹಾಗಾದರೆ ನನ್ನ ಸರದಿ ಬರಲಿ.”

ಗುರುಗಳು ತಿರುಗಿ ನಡೆದು, ಗುಂಪಿನ ಕಟ್ಟಕಡೆಗೆ ಹೋಗಿ ಬಿಸಿಲಲ್ಲಿ ನಿಂತುಕೊಂಡರು.

ಹೇಮಾನ ಅವರನ್ನು ನೋಡಿದ. ಅವರ ಮುಂದೆ ಇಡೀ ಊರೇ ನಿಂತಿತ್ತು.

ಅವನು ಬಾಗಿಲನ್ನು ಹಾರುಹೊಡೆದು ಒರತೆಯ ಹತ್ತಿರ ಮಂಡಿಯೂರಿದ. ಮೊದಲ ಬೋಗುಣಿಯನ್ನು ಮಕ್ಕಳಿಗೆ ಕೊಟ್ಟ. ಒರತೆ ನಿಧಾನವಾಗಿ ಜಿನುಗುತ್ತಿತ್ತು. ತುಂಬುವುದು, ಎತ್ತಿ ಕೊಡುವುದು, ಮತ್ತೆ ತುಂಬುವುದು. ತನಗೆ ಕಲ್ಲೆಸೆದವರ ಕೈಗೂ ಕೊಟ್ಟ. ಬಿಟ್ಟುಹೋದ ಶಿಷ್ಯರ ಕೈಗೂ ಕೊಟ್ಟ. ಶೋಬಾಲನ ಕೈಯಿಂದ ನೀರು ಚೆಲ್ಲಿತು. ಹೇಮಾನ ಇನ್ನೊಂದು ಬೋಗುಣಿ ತುಂಬಿ ಹಿಡಿದ. ಅಕ್ಕ ತನ್ನ ಸರದಿಯಲ್ಲಿ ಬಂದು, ಕುಡಿದು, ಅವನ ತಲೆಯ ಮೇಲೆ ಒಮ್ಮೆ ಒದ್ದೆ ಕೈ ಇಟ್ಟು ಹೋದಳು.

ಹೊತ್ತು ಮುಳುಗುವ ವೇಳೆಗೆ ಬಯಲಲ್ಲಿ ಗುರುಗಳೊಬ್ಬರೇ ನಿಂತಿದ್ದರು. ಜನ ಗುಡ್ಡದ ಬುಡದಲ್ಲಿ ಅಲ್ಲಲ್ಲಿ ಗುಂಪಾಗಿ ಕುಳಿತಿದ್ದರು. ಮೇಲಿನ ಊರಿನಲ್ಲಿ ಒಂದು ಒಲೆಯೂ ಹೊಗೆಯಾಡುತ್ತಿರಲಿಲ್ಲ. ಆ ಊರಿನಲ್ಲಿ ಇನ್ನು ಬಾಳುವ ಹಾಗಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗಿತ್ತು.

ಹೇಮಾನ ಕೊನೆಯ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಗುರುಗಳ ಬಳಿಗೆ ಬಂದ. ಗುರುಗಳು ಅದನ್ನು ತೆಗೆದುಕೊಂಡರು, ಕುಡಿಯಲಿಲ್ಲ. ಕತ್ತಲಾಗುತ್ತಿದ್ದ ಊರನ್ನೇ ನೋಡುತ್ತಾ ಅಳುತ್ತಿದ್ದರು. ಅವರು ಅಳುವುದನ್ನು ಹೇಮಾನ ಎಂದೂ ಕಂಡಿರಲಿಲ್ಲ.

“ಗುರುಗಳೇ,” ಎಂದ ಅವನು ಮೆಲ್ಲಗೆ, “ಎಲ್ಲರೂ ನಿಮ್ಮನ್ನು ಸುಳ್ಳುಗಾರ ಎಂದರು. ಇವತ್ತು ನಿಮ್ಮ ಮಾತು ನಿಜವಾಯಿತು. ಅಳುವುದು ಯಾಕೆ?”

“ಅದು ಸುಳ್ಳಾಗಲಿ ಅಂತಲೇ ಅಲ್ಲವೇನೋ ಮಗೂ, ಇಷ್ಟು ವರ್ಷ ನಾನು ಕೂಗಿದ್ದು.”