ಹನ್ನೆರಡು ಜಾಲಿ ಕಂಬಗಳು

ಶಾವಂತ್ರೆವ್ವ ಹಳ್ಳದಿಂದ ಆಶ್ರಮದ ಅಂಗಳದವರೆಗೆ ಒಂದೇ ಉಸಿರಿಗೆ ಓಡಿ ಬಂದಳು. ಮೊಣಕೈವರೆಗೆ ಕೆಸರು, ಮುಖದ ತುಂಬ ನಗು.

"ಅಜ್ಜಾರ, ಲಗೂನ ಬರ್ರಿ! ಕಂಬದ ಗುಟ್ಟು ಸಿಕ್ತು!"

ಮೋನಪ್ಪಜ್ಜ ಮರ ಕೆತ್ತುವ ಬಾಚಿ ಮಸೆಯುತ್ತ ಕುಳಿತಿದ್ದರು. ಅವರು ಬಡಿಗರೂ ಹೌದು, ಗುರುಗಳೂ ಹೌದು. ಅವರನ್ನು ಹುಡುಕಿಕೊಂಡು ಬಂದವರ ಕೈಗೆ ಮೊದಲು ಸಿಗುತ್ತಿದ್ದದ್ದು ಮರದ ತುಂಡು, ಮಾತು ಆಮೇಲೆ.

ಆಶ್ರಮಕ್ಕೂ ಎದುರಿನ ಊರಿಗೂ ನಡುವೆ ಹಳ್ಳ. ಹಳ್ಳದ ಮೇಲಿದ್ದ ಮರದ ಸೇತುವೆಯ ಕಂಬಗಳು ಐದಾರು ವರ್ಷಕ್ಕೇ ಕೊಳೆತು ಕೂರುತ್ತಿದ್ದವು. ಆ ಬೇಸಿಗೆಯಲ್ಲಿ ಅಜ್ಜಾರು ಹಳೆಯದನ್ನು ಬಿಚ್ಚಿಸಿ, ಹೊಸದನ್ನು ಕಟ್ಟುವ ಕೆಲಸವನ್ನು ಶಿಷ್ಯೆ ಶಾವಂತ್ರೆವ್ವನಿಗೆ ಒಪ್ಪಿಸಿದ್ದರು. ಮಳೆ ಬೀಳುವುದರೊಳಗೆ ಮುಗಿಸುತ್ತೇನೆ ಎಂದು ಅವಳು ಊರಿಗೆ ಮಾತು ಕೊಟ್ಟಿದ್ದಳು.

ಕಿತ್ತು ಮಲಗಿಸಿದ ಹಳೆಯ ಕಂಬವನ್ನು ಅವಳು ತೋರಿಸಿದಳು.

"ಬುಡ ನೋಡ್ರಿ. ಇಷ್ಟು ವರ್ಷ ನೀರಿನ ಕೆಳಗ, ಕೆಸರಿನಾಗ ಇತ್ತು. ಕಲ್ಲಿನಂಗ ಐತಿ. ತುದಿ ನೋಡ್ರಿ, ಗಾಳಿ ಬಿಸಲಿನಾಗ ಇತ್ತು. ಅದೂ ಗಟ್ಟಿ ಐತಿ. ಕೊಳೆತದ್ದು ನಡುವಿನ ಈ ಒಂದು ಗೇಣು ಅಷ್ಟ! ಒಂದು ದಿನ ಹಸಿ, ಒಂದು ದಿನ ಒಣ, ಅಲ್ಲೇ ಹುಳ ಹಿಡಿದೈತಿ."

ಅಜ್ಜಾರು ಆ ಒಂದು ಗೇಣಿನ ಮೇಲೆ ಹೆಬ್ಬೆರಳು ಒತ್ತಿದರು. ಮರ ನೆನೆದ ರೊಟ್ಟಿಯಂತೆ ಒಳಕ್ಕೆ ಹೋಯಿತು.

"ಛಲೋ ನೋಡೀದಿ," ಎಂದರು.

ಅಷ್ಟೇ ಸಾಕಾಯಿತು ಶಾವಂತ್ರೆವ್ವನಿಗೆ.

ಹೊಸದಾಗಿ ಕಡಿದು ತಂದ ಹನ್ನೆರಡು ಜಾಲಿ ಕಂಬಗಳು ಅಂಗಳದಲ್ಲಿದ್ದವು. ಅವಳು ತೊಗಟೆ ಸುಲಿದಳು. ಬೆಂಕಿ ಹೊತ್ತಿಸಿ ಡಾಂಬರು ಕಾಯಿಸಿದಳು. ನಡುವಿನ ಗೇಣಿಗಷ್ಟೇ ಯಾಕೆ, ಬುಡದಿಂದ ತುದಿಯವರೆಗೂ ಬಳಿದುಬಿಡೋಣ ಎಂದುಕೊಂಡಳು. ಮೂರು ದಿನ ಊಟದ ಕಡೆ ಲಕ್ಷ್ಯವಿರಲಿಲ್ಲ.

ನಾಲ್ಕನೆಯ ದಿನ ಊರಿನವರು ನೋಡಲು ಬಂದರು. ಕಂಬಗಳು ಎಮ್ಮೆಯ ಮೈಯಂತೆ ಮಿರಮಿರ ಮಿಂಚುತ್ತಿದ್ದವು.

"ಇವು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಂಗ ಇರ್ತಾವ ಬಿಡು!" ಎಂದರು ಊರಗೌಡ ನಾಗನಗೌಡರು.

ಶಾವಂತ್ರೆವ್ವನ ಕಾಲು ನೆಲದ ಮೇಲಿರಲಿಲ್ಲ.

"ಅಜ್ಜಾರ, ನಾಳೆ ನೆಡೋಣೇನ್ರಿ?"

ಅಜ್ಜಾರು ಸುತ್ತಿಗೆಯಿಂದ ಒಂದು ಕಂಬವನ್ನು ಬಡಿದರು. ದಬ್ ಎಂದಿತು. ಅಡುಗೆಮನೆಯ ಹಳೆಯ ತೊಲೆಯನ್ನು ಬಡಿದರು. ಠಣ್ ಎಂದಿತು.

"ಮಧ್ಯಾಹ್ನದ ತನಕ ಇದರ ಹತ್ರ ಕುಂದ್ರು," ಎಂದು ಹೇಳಿ ಒಳಗೆ ಹೋದರು.

ಅವಳು ಕುಳಿತಳು. ಬಿಸಿಲು ಏರಿತು. ಕಪ್ಪು ಕಂಬ ಮುಟ್ಟಲಾಗದಷ್ಟು ಕಾಯಿತು. ಆಗ ಡಾಂಬರಿನ ಮೇಲೆ ಸಣ್ಣದೊಂದು ಬೊಬ್ಬೆ ಎದ್ದಿತು. ಅದರ ಪಕ್ಕ ಇನ್ನೊಂದು. ನೋಡುನೋಡುತ್ತಿದ್ದಂತೆ ಕಂಬದ ಮೈತುಂಬ ಬೊಬ್ಬೆಗಳು.

ಅಜ್ಜಾರು ಬಂದು ಅವಳ ಕೈಗೆ ದಬ್ಬಣ ಕೊಟ್ಟರು.

ಅವಳು ಚುಚ್ಚಿದಳು. ಒಂದು ಹನಿ ನೀರು ಹೊರಬಂದು ಕಂಬದ ಮೇಲಿಂದ ಜಾರಿತು.

"ನೀರಿನ ದಾರಿ ಮುಚ್ಚೀನಿ ಅಂದ್ಕೊಂಡಿದ್ದೆ," ಎಂದಳು ಶಾವಂತ್ರೆವ್ವ.

"ಮುಚ್ಚೀದಿ," ಎಂದರು ಅಜ್ಜಾರು. "ಒಳಗಿದ್ದ ನೀರಿಗೂ ಮುಚ್ಚೀದಿ."

"ಒಣಗಾಕ ಎಷ್ಟು ದಿನ ಬೇಕ್ರಿ?"

"ಒಂದು ವರ್ಷ."

"ಮಳೆ ಬರಾಕ ಒಂದು ತಿಂಗಳೈತಿ. ಊರಿಗೆ ಮಾತು ಕೊಟ್ಟೀನ್ರಿ!"

"ಕೊಟ್ಟಾಕಿ ನೀನು," ಎಂದು ಅಜ್ಜಾರು ತಮ್ಮ ಬಾಚಿಯ ಕಡೆಗೆ ಹೋದರು.

ಆ ಸಂಜೆ ಅವಳು ಹಳ್ಳ ದಾಟಿ ಊರ ಕಟ್ಟೆಗೆ ಹೋದಳು. ಕಂಬ ಇನ್ನೂ ಹಸಿ, ಈ ವರ್ಷ ಸೇತುವೆ ಇಲ್ಲ ಎಂದಳು. ಕಟ್ಟೆಯ ಮೇಲಿದ್ದವರೆಲ್ಲ ಒಮ್ಮೆಲೇ ಎದ್ದು ನಿಂತರು.

"ಹಸಿ ಇದ್ರ ಏನಾತು?" ಎಂದು ನಾಗನಗೌಡರು ದನಿ ಏರಿಸಿದರು. "ಈ ವರ್ಷಕ್ಕ ನಿಲ್ಲಂಗಿಲ್ಲೇನು?"

"ನಿಲ್ತಾವ್ರಿ ಗೌಡ್ರ. ಮುಂದಿನ ವರ್ಷನೂ ನಿಂತಾವು. ಒಳಗ ಕೊಳೀತಿರ್ತಾವ, ಹೊರಗ ಮಿಂಚತಿರ್ತಾವ. ಯಾವತ್ತು ಮುರೀತಾವ, ಆವತ್ತು ಅದರ ಮ್ಯಾಲೆ ಯಾರಿರ್ತಾರ, ನನಗ ಹೇಳಾಕ ಬರಂಗಿಲ್ಲ."

ನಾಗನಗೌಡರು ಮತ್ತೆ ಕಟ್ಟೆಯ ಮೇಲೆ ಕುಳಿತರು.

"ತಪ್ಪು ನಂದು," ಎಂದಳು ಅವಳು. "ಮಳೆಗಾಲ ಮುಗಿಯೂ ತನಕ ಹರಗೋಲು ನಾನ ಹಾಕ್ತೀನಿ. ಯಾವ ಹೊತ್ತಿಗೆ ಕರೆದ್ರೂ ಬರ್ತೀನಿ."

ಮರುದಿನದಿಂದ ಬಾಚಿ ಹಿಡಿದು ತಾನೇ ಬಳಿದ ಡಾಂಬರನ್ನು ತಾನೇ ಕೆತ್ತಿ ತೆಗೆದಳು. ಬಳಿಯಲು ಮೂರು ದಿನ ಹಿಡಿದಿತ್ತು. ತೆಗೆಯಲು ಹದಿನೇಳು ದಿನ ಹಿಡಿಯಿತು. ಚಪ್ಪರದ ನೆರಳಲ್ಲಿ ಕಲ್ಲುಗಳ ಮೇಲೆ, ಒಂದಕ್ಕೊಂದು ತಾಗದಂತೆ, ಗಾಳಿಯಾಡುವ ಹಾಗೆ ಕಂಬಗಳನ್ನು ಪೇರಿಸಿಟ್ಟಳು.

ಮಳೆ ಬಂತು. ಹಳ್ಳ ತುಂಬಿತು.

ಬುಟ್ಟಿಯಂಥ ಹರಗೋಲು ಮೊದಮೊದಲು ಅವಳ ಮಾತು ಕೇಳಲಿಲ್ಲ. ಹಳ್ಳದ ನಡುವೆ ಗಿರಗಿರ ತಿರುಗಿತು. ಒಳಗೆ ಕುಳಿತವರು ಬೈದರು, ನಕ್ಕರು, ಒದ್ದೆಯಾಗಿ ಇಳಿದರು. ತಿಂಗಳು ಕಳೆಯುವಷ್ಟರಲ್ಲಿ ಹುಟ್ಟು ಅವಳ ಕೈಗೆ ಒಗ್ಗಿತು.

ಶ್ರಾವಣದ ಒಂದು ಬೆಳಿಗ್ಗೆ ಆಶ್ರಮದ ಹಿಂದಿನ ತೋಟದಿಂದ ಒಬ್ಬಾತ ಓಡಿ ಬಂದ. ಅವನ ಹೆಂಡತಿ ಯಮನವ್ವನಿಗೆ ಹೆರಿಗೆ ನೋವು. ಸೂಲಗಿತ್ತಿ ಹುಸೇನಬಿ ಇದ್ದದ್ದು ಆಚೆ ದಡದ ಊರಿನಲ್ಲಿ. ಹಳ್ಳ ಅಂದು ಹಳ್ಳವಾಗಿರಲಿಲ್ಲ. ಕೆಂಪು ನೀರು, ತೇಲಿ ಬರುವ ಗಿಡಗಂಟಿ, ಮಾತು ಕೇಳಿಸದಷ್ಟು ಸದ್ದು.

ಶಾವಂತ್ರೆವ್ವ ಹರಗೋಲನ್ನು ತಲೆಯ ಮೇಲೆ ಹೊತ್ತು ದಡದಗುಂಟ ಮೇಲಕ್ಕೆ ಓಡಿದಳು. ನೀರಿಗೆ ಇಳಿಸಿದಳು. ಸೆಳವು ಕೆಳಕ್ಕೆ ಎಳೆಯಿತು, ಅವಳು ಅಡ್ಡಕ್ಕೆ ಎಳೆದಳು. ಸರಿಯಾಗಿ ಊರ ಮುಂದೆ ಹೋಗಿ ತಾಗಿದಳು.

ಹುಸೇನಬಿ ಒಂದು ಸಲ ನೀರು ನೋಡಿದಳು, ಒಂದು ಸಲ ಅವಳನ್ನು ನೋಡಿದಳು.

"ನಿನ್ನ ಸೇತುವೆ ಇದ್ದಿದ್ರ ಮುಂಜಾನೆ ಮುಂಜಾನೆ ಹಿಂಗ ಅಲ್ಲಾನ ಹೆಸರು ಹಿಡಿದು ಒದರೂ ಕೆಲಸ ಇರತಿರಲಿಲ್ಲ," ಎಂದು ಬೈಯುತ್ತಲೇ ಹತ್ತಿ ಕುಳಿತಳು.

ನಡುನೀರಿನಲ್ಲಿ ಒಂದು ದಿಮ್ಮಿ ಅವರ ಮೇಲೇ ಬಂತು.

"ಬಗ್ಗವ್ವಾ!" ಎಂದು ಕೂಗಿ ಶಾವಂತ್ರೆವ್ವ ಹುಟ್ಟಿನಿಂದ ದಿಮ್ಮಿಯನ್ನು ನೂಕಿದಳು. ಹರಗೋಲು ಮೂರು ಸುತ್ತು ತಿರುಗಿತು. ಹುಸೇನಬಿ ಕಣ್ಣು ಮುಚ್ಚಿ ಅವಳ ಸೀರೆ ಹಿಡಿದಳು. ದಿಮ್ಮಿ ಒಂದು ಮೊಳದಷ್ಟರಲ್ಲಿ ತಪ್ಪಿ ಕೆಳಗೆ ಹೋಯಿತು.

ಈಚೆ ದಡದಲ್ಲಿ ಅಜ್ಜಾರು ಸೊಂಟದವರೆಗೆ ನೀರಿಗಿಳಿದು ನಿಂತಿದ್ದರು. ಹರಗೋಲಿನ ಅಂಚು ಹಿಡಿದು ಎಳೆದುಕೊಂಡರು.

ಒಂದು ತಾಸಿಗೆ ತೋಟದ ಕಡೆಯಿಂದ ಕೂಸಿನ ಅಳು ಕೇಳಿಸಿತು.

ಶಾವಂತ್ರೆವ್ವ ದಡದಲ್ಲೇ ಕುಳಿತಿದ್ದಳು. ನಗುವೂ ಬಂತು, ಅಳುವೂ ಬಂತು.

"ಅಜ್ಜಾರ, ಹಸಿ ಕಂಬಾನ ನೆಟ್ಟಿದ್ರ ಇವತ್ತು ಆಕಿ ನಡಕೊಂಡು ಬರ್ತಿದ್ಲು. ನಾ ಮಾಡಿದ್ದು ತಪ್ಪೇನ್ರಿ?"

ಅಜ್ಜಾರು ಅವಳ ಅಂಗೈ ಬಿಡಿಸಿ ನೋಡಿದರು. ಚರ್ಮ ಕಿತ್ತು ರಕ್ತ ಬಂದಿತ್ತು. ಬೇವಿನೆಣ್ಣೆ ತಂದು ಸವರಿದರು.

"ನಾಳೆ ಯಾರ್ಯಾರು ದಾಟೋರಿದ್ದಾರ?" ಎಂದು ಕೇಳಿದರು.

ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಚಳಿ ಕಳೆಯಿತು. ಯುಗಾದಿಯೂ ಕಳೆಯಿತು. ದಿನವೂ ಚಪ್ಪರದ ಕೆಳಗೆ ಹೋಗಿ ಕಂಬಗಳನ್ನು ಬಡಿದು ಕಿವಿಗೊಡುತ್ತಿದ್ದಳು. ದಬ್. ದಬ್. ಒಂದು ಮುಂಜಾನೆ ಬಡಿದಾಗ ಅವಳ ಕೈ ಅಲ್ಲೇ ನಿಂತಿತು.

ಠಣ್.

ಎರಡನೆಯದು ಠಣ್. ಹನ್ನೆರಡೂ ಠಣ್!

"ಅಜ್ಜಾರ! ಒಣಗಿದುವ್ರಿ!"

ಆ ದಿನ ಆಶ್ರಮದಲ್ಲಿ ಹಬ್ಬ. ಮಣ್ಣಿಗೂ ನೀರಿಗೂ ತಾಗುವ ಭಾಗವನ್ನು ಬೆಂಕಿಯಲ್ಲಿ ಕಪ್ಪಗಾಗುವಷ್ಟು ಸುಟ್ಟಳು. ಬೇವಿನೆಣ್ಣೆ ಕಾಯಿಸಿ ಬಟ್ಟೆಯಲ್ಲಿ ಅದ್ದಿ ಹಚ್ಚಿದಳು. ಹಚ್ಚಿದ ಎಣ್ಣೆ ಕಣ್ಣೆದುರೇ ಮಾಯವಾಯಿತು. ಮತ್ತೆ ಹಚ್ಚಿದಳು. ಮತ್ತೆ ಮಾಯ.

"ಕುಡೀಲಿಕ್ಕತ್ತಾವ್ರಿ!" ಎಂದು ಕೂಗಿದಳು. "ಹಸಿದ ಕರುವಿನಂಗ ಕುಡೀಲಿಕ್ಕತ್ತಾವ!"

"ಸಾಕು ಅನ್ನೂ ತನಕ ಕುಡಿಸು," ಎಂದರು ಅಜ್ಜಾರು. ಅವರೂ ತೋಳು ಮಡಚಿ ಬಟ್ಟೆ ಹಿಡಿದರು.

ಕಂಬಗಳು ಮೂರು ದಿನ ಕುಡಿದವು. ನಾಲ್ಕನೆಯ ದಿನ ಎಣ್ಣೆ ಮೇಲೆಯೇ ನಿಂತಿತು. ಅದು ಆರಿದ ಬಳಿಕ, ಆ ನಡುವಿನ ಭಾಗದ ಮೇಲೆ ಮಾತ್ರ ಡಾಂಬರು ಬಳಿದಳು. ಬಿಸಿಲಿಗಿಟ್ಟು ಪಕ್ಕದಲ್ಲೇ ಕುಳಿತಳು. ಒಂದು ಬೊಬ್ಬೆಯೂ ಏಳಲಿಲ್ಲ.

ಮೊದಲ ಮಳೆಗೆ ಎಂಟು ದಿನ ಮುಂಚೆ ಸೇತುವೆ ನಿಂತಿತು. ಊರಿಗೆ ಊರೇ ದಡಕ್ಕೆ ಬಂತು. ಹುಸೇನಬಿ ಎಲ್ಲರಿಗಿಂತ ಮುಂದೆ ಬಂದು, ನಡುವೆ ನಿಂತು, ಬೇಕೆಂದೇ ಎರಡು ಸಲ ಕುಣಿದು ನೋಡಿದಳು. ಹಲಗೆ ಅಲುಗಲಿಲ್ಲ. ಜನ ಹೋ ಎಂದರು. ನಾಗನಗೌಡರು ಆ ದಡದಿಂದ ಈ ದಡಕ್ಕೆ ಬಂದು, ಮತ್ತೆ ಆ ದಡಕ್ಕೆ ಹೋಗಿ, ಯಾಕೋ ಮತ್ತೊಮ್ಮೆ ಈ ದಡಕ್ಕೆ ಬಂದರು.

ಜನ ಚದುರಿದ ಮೇಲೆ ಗುರುವೂ ಶಿಷ್ಯೆಯೂ ಸೇತುವೆಯ ಕೆಳಗೆ ನಿಂತರು. ಶಾವಂತ್ರೆವ್ವ ಒಂದು ಕಂಬವನ್ನು ತಬ್ಬಿಕೊಂಡು ಕೇಳಿದಳು.

"ಈಗ ಹೇಳ್ರಿ ಅಜ್ಜಾರ. ಇದು ಎಷ್ಟು ವರ್ಷ ಬಾಳತೈತಿ?"

ಅಜ್ಜಾರು ಮೇಲೆ ಹತ್ತಲು ಅವಳ ಹೆಗಲ ಮೇಲೆ ಕೈ ಇಟ್ಟರು.

"ವರ್ಷಕ್ಕೊಮ್ಮೆ ಯಾರರೆ ಕೆಳಗಿಳಿದು ಮಣ್ಣು ಸರಿಸಿ ನೋಡಕೋತ ಇರೂ ತನಕ."