ಕೆಮ್ಮಣ್ಣೂರಿನ ಬಾವಿಗೆ ಎಷ್ಟು ಮೆಟ್ಟಿಲು

ಮಾಘ ಶುದ್ಧ ಪಂಚಮಿ, ಸೋಮವಾರ. ಬೆಳಗಿನಿಂದ ಒಣಗಾಳಿ, ಆಕಾಶದಲ್ಲಿ ಮೋಡವಿಲ್ಲ. ಕೆಮ್ಮಣ್ಣೂರಿನ ರಾಣಿ ಲಕುಮಾದೇವಿ ಡಂಗುರ ಹೊಡೆಸಿದಳು: ಹೊಸ ಮೆಟ್ಟಿಲುಬಾವಿ ಕಟ್ಟುವವರು ಮೊದಲು ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದಷ್ಟು ಕೂಲಿ. ತಪ್ಪಿದವರ ತಲೆ ಸಂಜೆಗೆ ಹೋಗುತ್ತದೆ.

ಮಧ್ಯಾಹ್ನದೊಳಗೆ ಇಬ್ಬರು ಮೊದಲ ಒಗಟಿನಲ್ಲೇ ಸೋತರು. ವಾಸ್ತು ಪಂಡಿತ ತಿಪ್ಪರಸ 'ಕನಸು' ಎಂದ. ಹೆಸರುವಾಸಿ ಶಿಲ್ಪಿ ಮಲ್ಲೋಜ 'ಕನ್ನಡಿ' ಎಂದ. ಇಬ್ಬರನ್ನೂ ಅರಮನೆಯ ಅಂಗಳದ ಕಂಬಕ್ಕೆ ಕಟ್ಟಿದರು.

ಮೂರನೆಯವನಾಗಿ ಬಂದವನು ಮಣ್ಣು ಹೊರುವ ಬೊಮ್ಮ. ಬಾಗಿಲಲ್ಲಿ ಕಾವಲಿನವನು ತಡೆದ. "ಎಲ್ಲಿಗಯ್ಯಾ? ಮಣ್ಣು ಹೊರೋಕೆ ಆಮೇಲೆ ಕರೀತಾರೆ."

"ಆಮೇಲೆ ಬಂದರೆ ತಪ್ಪು ಜಾಗದ ಮಣ್ಣು ಹೊರಬೇಕಾಗುತ್ತೆ" ಎಂದು ಬೊಮ್ಮ ಒಳಗೆ ಬಂದ.

ರಾಣಿ ಕೇಳಿದಳು: "ಅಗೆಯುವ ಮೊದಲೇ ಇಳಿದು ನೋಡಬಹುದಾದ ಬಾವಿ ಯಾವುದು?"

ಬೊಮ್ಮ ಸುಣ್ಣದ ಪುಡಿಯಿಂದ ಅಂಗಳದಲ್ಲಿ ಬಾವಿಯ ಗೆರೆ ಎಳೆದ. "ಇದು, ತಾಯಿ. ಒಳಗೆ ನಡೆದು ನೋಡಿ. ಸರಿಯಿಲ್ಲದಿದ್ದರೆ ಕಾಲಿನಿಂದ ಒರೆಸೋಣ."

"ಕಟ್ಟಿಸುವವಳಿಗೆ ತಿಳಿಯದ, ಕಟ್ಟುವವನಿಗೂ ತಿಳಿಯದ ಅಳತೆ?"

"ಮೆಟ್ಟಿಲಿನ ಎತ್ತರ. ಅದು ನೀರು ಹೊರುವವರ ಮೊಣಕಾಲಿಗೆ ಗೊತ್ತು." ಅವನು ಇಟ್ಟಿಗೆ ಪೇರಿಸಿ ಮೂರು ಮೆಟ್ಟಿಲು ಮಾಡಿ, ಅರಮನೆಗೆ ನೀರು ತರುವ ಚಾಗವ್ವನನ್ನು ಕರೆದ. ಅವಳು ತುಂಬಿದ ಕೊಡದೊಂದಿಗೆ ಹತ್ತಿದಳು. ನೀರು ತುಳುಕಿತು.

"ಎತ್ತರ ಆಯ್ತಪ್ಪ. ನೀನು ಬಸುರಿಯಾಗಿ ಹತ್ತಿ ನೋಡು."

ಅವನು ಮೆಟ್ಟಿಲಿಗೊಂದು ಇಟ್ಟಿಗೆ ತೆಗೆದ. "ಈಗ?"

"ಈಗ ಪರವಾಗಿಲ್ಲ."

"ಕೊನೆಯದು," ಎಂದಳು ರಾಣಿ. "ನನ್ನ ಬಾವಿಗೆ ಎಷ್ಟು ಮೆಟ್ಟಿಲು?"

"ನೂರೆಂಟು ಅನ್ನು, ಮಾರಾಯ," ಎಂದು ಮಲ್ಲೋಜ ಕಂಬದಿಂದಲೇ ಪಿಸುಗುಟ್ಟಿದ. "ನೀನಾದರೂ ಬದುಕು."

ಬೊಮ್ಮ ಇಟ್ಟಿಗೆಯ ಮೆಟ್ಟಿಲುಗಳನ್ನು ತೋರಿಸಿದ. "ಈಗ ಮೂರು. ಅವನ್ನು ನೀವೂ ಚಾಗವ್ವನೂ ಹತ್ತಿಳಿದ ಮೇಲೆ ನಾಲ್ಕನೆಯದರ ಮಾತು. ನೀರು ಎಷ್ಟು ಕೆಳಗಿದೆಯೋ ಇನ್ನೂ ಯಾರೂ ನೋಡಿಲ್ಲ."

ರಾಣಿ ಪೀಠದಿಂದ ಇಳಿದಳು. "ಹಿಂದಿನ ಬಾವಿಗೆ ನೂರೆಂಟು. ಮೂರು ವರ್ಷ ಕಟ್ಟಿದರು. ಚೆಂದವಿದೆ. ಜಾರಿ ನಾಲ್ವರು ಸತ್ತರು, ಈಗ ಯಾರೂ ಇಳಿಯುವುದಿಲ್ಲ. ಕಟ್ಟಿದವರು ಯಾರನ್ನೂ ಕೇಳಲಿಲ್ಲ. ನಾನೂ ಕೇಳಲಿಲ್ಲ." ಸುಣ್ಣದ ಗೆರೆಯೊಳಗೆ ನಡೆದು, ಒಂದು ಮೂಲೆಯನ್ನು ಕಾಲಿನಿಂದ ಒರೆಸಿದಳು. "ಇಲ್ಲಿ ಅಗಲ ಬೇಕು. ಕೆಲಸ ನಿನ್ನದು. ಕೂಲಿ ಹೇಳು."

ಬೊಮ್ಮ ಹತ್ತಿರ ಹೋಗಿ ಮೆಲ್ಲಗೆ ಹೇಳಿದ. ರಾಣಿ ತಲೆಯಾಡಿಸಿದಳು.

ಹೊರಗೆ ಚಾಗವ್ವ ಕಾಯುತ್ತಿದ್ದಳು. "ಏನು ಕೊಟ್ಟರಪ್ಪ? ಹೊಲವೋ, ಹೊನ್ನೋ?"

"ಅವರಿಬ್ಬರ ತಲೆ ಕೇಳಿಕೊಂಡೆ ಕಣವ್ವ. ನನಗೆ ಕಲ್ಲು ಕೆತ್ತೋಕೆ ಬರಲ್ಲ."