ಹುಲಿರಾಯನಿಗೆ ಮುಟ್ಟದ ಸುದ್ದಿ

ಎಲ್ಲರೂ ಕೂತ್ರಾ? ಕಾಲು ಮಡಚ್ಕೊಳ್ರಪ್ಪ, ಹಿಂದಿನೋರಿಗೂ ಜಾಗ ಬೇಕು. ಹಾಂ, ಈಗ ಕೇಳಿ.

ಮುತ್ತುಗದ ಕಾಡು ಅಂತ ಒಂದು ರಾಜ್ಯ ಇತ್ತು. ಅದನ್ನ ಒಬ್ಬ ಹುಲಿರಾಯ ಆಳ್ತಿದ್ದ. ಅವನ ಹೊಟ್ಟೆ ದೊಡ್ಡದು, ಮೀಸೆ ಅದಕ್ಕಿಂತ ದೊಡ್ಡದು.

ಆ ಕಾಡಲ್ಲಿ ಒಂದು ಪದ್ಧತಿ ನಡ್ಕೊಂಡು ಬಂದಿತ್ತು. ಕಂಡೋರು ಕೂಗಿ ಹೇಳಬೇಕು, ಉಳಿದೋರು ಕೇಳಿ ಓಡಬೇಕು. ಮರದ ತುದೀಲಿ ಕಪ್ಪು ಮೂತಿಯ ಮುಸುವ ಬರಮಣ್ಣ. ಬಂಡೆ ಮೇಲೆ ನವಿಲು. ಬಯಲಲ್ಲಿ, ಬರೀ ನೆಲದ ಮೇಲೆ ಮೊಟ್ಟೆ ಇಡೋ ಟಿಟ್ಟಿಭ ಹಕ್ಕಿ. ಹುಲಿ ಬಂದ್ರೆ ಹುಲಿ ಅಂತ, ಚಿರತೆ ಬಂದ್ರೆ ಚಿರತೆ ಅಂತ ಈ ಮೂವರೂ ಕೂಗೋರು. ಬೇಟೆ ಆಡಬೇಡ ಅಂತ ಹುಲಿಗೆ ಯಾರೂ ಹೇಳಿರ್ಲಿಲ್ಲ. ಹುಲಿ ಹುಲ್ಲು ತಿನ್ನುತ್ತಾ? ಕೂಗು ಕೇಳಿ ಓಡಿದೋರು ಬದುಕ್ತಿದ್ರು, ಓಡಲಾರದೋರು ಅವನ ಪಾಲಾಗ್ತಿದ್ರು.

ಆದ್ರೆ ಹುಲಿರಾಯನಿಗೆ ಮೈ ಬಗ್ಗಿಸೋದು ಬೇಜಾರಾಯ್ತು. ಕೂತಲ್ಲಿಗೇ ಊಟ ಬರಬೇಕು ಅನ್ನಿಸ್ತು. ಅದಕ್ಕೆ ಅಡ್ಡ ಯಾರು? ಈ ಕೂಗೋರು.

ಮೊದಲು ಮುಸುವನ ಹತ್ರ ಹೋದ.

"ಬರಮಣ್ಣ, ಆ ದೊಡ್ಡ ಅತ್ತಿಮರ ಇವತ್ತಿಂದ ನಿಂದು. ಬೇರೆ ಯಾವ ಮಂಗನೂ ಅದನ್ನ ಮುಟ್ಟೋ ಹಾಗಿಲ್ಲ."

"ಅಯ್ಯೋ ಬುದ್ಧಿ! ಅದಕ್ಕೆ ನಾನೇನು ಮಾಡಬೇಕು?"

"ಏನೂ ಮಾಡಬೇಡ. ನಾನು ಬಂದಾಗ ಏನೂ ಮಾಡಬೇಡ, ಅಷ್ಟೇ. ಚಿರತೆ ಬಂದ್ರೆ ಕೂಗು. ಚಿರತೆ ಕೆಮ್ಮಿದ್ರೂ ಕೂಗು. ಮಲಗಿದ್ರೆ, ಏನೋ ಸಂಚು ಮಾಡ್ಕೊಂಡು ಮಲಗಿದೆ ಅಂತ ಕೂಗು."

"ಸುಳ್ಳು ಹೇಳ್ದಂಗಾಗಲ್ವಾ ಬುದ್ಧಿ?"

"ಛೆ ಛೆ! ನಿನ್ನ ಬಾಯಲ್ಲಿ ನಾನು ಸುಳ್ಳು ಹೇಳಿಸ್ತೀನಾ? ಅದು ಮಲಗಿರೋದು ನಿಜ ತಾನೇ?"

ಬರಮಣ್ಣ ಒಂದು ಅತ್ತಿಹಣ್ಣು ಬಾಯಿಗೆ ಹಾಕ್ಕೊಂಡ. ಹಣ್ಣು ಬಾಯಲ್ಲಿರೋವಾಗ ಇಲ್ಲ ಅನ್ನೋಕೆ ಬರಲ್ಲ ನೋಡಿ. ಒಪ್ಪಿಬಿಟ್ಟ.

ಆಮೇಲೆ ನವಿಲಿನ ಹತ್ರ ಹೋದ. ಅಲ್ಲಿ ಮಾತೇ ಆಡಲಿಲ್ಲ. ಅದರ ಬಾಲದ ಮೇಲೆ ಪಂಜ ಊರಿ, ಆಕಳಿಸಿ, ಎದ್ದು ಹೋದ. ಅವತ್ತಿಂದ ನವಿಲಿಗೆ ಗಂಟಲೇ ಕಟ್ಟಿಹೋಯ್ತು.

ಮೂರನೇದು ಟಿಟ್ಟಿಭ. "ನನ್ನ ಅಪ್ಪಣೆ ಇಲ್ದೆ ಇನ್ಮೇಲೆ ಕೂಗಬಾರದು" ಅಂದ.

ಆ ಅಂಗೈಯಗಲದ ಹಕ್ಕಿ ಏನಂತು ಗೊತ್ತಾ? "ಕಂಡಿದ್ದನ್ನ ಹೇಳೋಕೆ ಅಪ್ಪಣೆ ಯಾಕೆ ಬುದ್ಧಿ? ಕಣ್ಣು ನಂದು, ಗಂಟಲೂ ನಂದು."

ಹುಲಿರಾಯ ಕಾಲೆತ್ತಿದ. ಅದರ ಮೊಟ್ಟೆಗಳ ಮೇಲೆ ಇಟ್ಟ. ಅಷ್ಟೇ ಮಕ್ಕಳೇ. ಟಿಟ್ಟಿಭ ಕಿರುಚಿ ಕಿರುಚಿ ಸಾಕಾಗಿ ಕಾಡೇ ಬಿಟ್ಟು ಹೋಯ್ತು. ಥೂ, ಅವನ ಜನ್ಮಕ್ಕಿಷ್ಟು! 

ಆಮೇಲೆ ಕಾಡಲ್ಲಿ ಬೆಳಗಿಂದ ಸಂಜೆವರೆಗೆ ಒಂದೇ ಕೂಗು. ಚಿರತೆ ಬಂತು, ಚಿರತೆ ಎದ್ದಿತು, ಚಿರತೆ ನೀರು ಕುಡೀತು! ಜಿಂಕೆಗಳೆಲ್ಲಾ ಚಿರತೆ ಇದ್ದ ಕಡೆಯಿಂದ ಓಡೋವು. ಓಡಿ ಓಡಿ ಹುಲಿ ಕೂತಿದ್ದ ಜಾಗಕ್ಕೇ ಬರೋವು. ಹುಲಿರಾಯನ ಮೈ ಹೊಳೀತಾ ಬಂತು.

ಚುಕ್ಕವ್ವ ಅಂತ ಒಂದು ಹೆಣ್ಣು ಜಿಂಕೆ. ಅವಳ ಒಡಹುಟ್ಟಿದ ತಂಗಿಯನ್ನ ಹುಲಿ ಬರಮಣ್ಣನ ಮರದ ಬುಡದಲ್ಲೇ ಹಿಡೀತು. ಚುಕ್ಕವ್ವ ಅಳ್ತಾ ಬಂದು ಮರದ ಕೆಳಗೆ ನಿಂತಳು.

"ಅಣ್ಣಾ, ಇಷ್ಟು ಹತ್ರ ಬಂದಿದ್ದು ನಿನಗೆ ಕಾಣಲಿಲ್ವಾ?"

"ಚಿರತೆ ಕಡೆ ನೋಡ್ತಿದ್ದೆ ಕಣವ್ವ" ಅಂದ ಬರಮಣ್ಣ. ಅವಳ ಮುಖ ನೋಡದೆ ಅಂದ.

ಚುಕ್ಕವ್ವ ತಿರುಗಿ ಹೋದಳು. ಅವಳಿಗೆ ಇನ್ನು ಉಳಿದಿದ್ದು ಒಂದು ಎಳೇ ಮರಿ. ಇದನ್ನಾದ್ರೂ ಉಳಿಸ್ಕೊಬೇಕು, ಅದೊಂದೇ ಅವಳ ತಲೇಲಿ.

ಒಂದು ಬೆಳಿಗ್ಗೆ ಮರಿ ಅತ್ತಿಮರದ ಕೆಳಗೆ ಉದುರಿದ ಚಿಗುರು ತಿನ್ನುತ್ತಿತ್ತು. ಮೇಲೆ ಬರಮಣ್ಣ ಚಿರತೆ ಚಿರತೆ ಅಂತ ಅರಚ್ತಿದ್ದ. ಅರಚ್ತಿದ್ದೋನು ತಟ್ಟನೆ ನಿಲ್ಲಿಸಿದ.

ಚುಕ್ಕವ್ವ ತಲೆ ಎತ್ತಿದಳು. ಬರಮಣ್ಣನ ಬಾಯಲ್ಲಿ ಹಣ್ಣು ಇತ್ತು, ದವಡೆ ಆಡ್ತಿರ್ಲಿಲ್ಲ.  ಇವನು ಯಾವಾಗ ಸುಮ್ಮನಾಗೋದು? ತಂಗಿ ಸತ್ತ ದಿನವೂ ಹೀಗೇ ಸುಮ್ಮನಾಗಿದ್ದ!

"ಓಡು ಮಗಾ!"

ಮರಿ ಹಾರಿತು, ತಾಯಿ ಹಾರಿದಳು. ಅವರು ನಿಂತಿದ್ದ ಜಾಗಕ್ಕೆ ಹುಲಿ ಬಂದು ಬಿತ್ತು. ಅವನ ಬಾಯಿಗೆ ಸಿಕ್ಕಿದ್ದು ಒಂದು ಹಿಡಿ ಮಣ್ಣು.

ಸಂಜೆ ಹೊತ್ತಿಗೆ ಕಾಡಿಗೆಲ್ಲಾ ಗೊತ್ತಾಯ್ತು: ಬರಮಣ್ಣ ಬಾಯಿ ಮುಚ್ಚಿದ್ರೆ ಓಡ್ರಿ.

ಹುಲಿರಾಯ ಮುಸುವನನ್ನ ಕರೆಸಿ ಗುರ್ ಅಂದ. "ನಾನು ಬಂದಾಗ ಸುಮ್ಮನಿರಬೇಡ ಕಣೋ. 'ಕ್ಷೇಮ, ಎಲ್ಲಾ ಕ್ಷೇಮ' ಅಂತ ಕೂಗು."

ಬರಮಣ್ಣ ಕೂಗಿದ. ಕ್ಷೇಮ ಅಂತ ಕೇಳಿದ್ದೇ ತಡ, ಕಾಡೆಲ್ಲಾ ಖಾಲಿ! ನಗ್ಬೇಡ್ರೋ, ನಗೋ ಹೊತ್ತಲ್ಲ ಇದು. ಯಾಕಂದ್ರೆ ಮೂರನೇ ಅಪ್ಪಣೆ ಬಂತು.

"ಬೆಳಗಿಂದ ರಾತ್ರಿವರೆಗೆ ಕ್ಷೇಮ ಅಂತಲೇ ಕೂಗ್ತಿರು. ನಾನಿದ್ರೂ ಕೂಗು, ಇಲ್ದಿದ್ರೂ ಕೂಗು. ಬೇರೆ ಒಂದು ಮಾತು ಬಂದ್ರೆ ನಾಲಿಗೆ ಕಿತ್ತುಬಿಡ್ತೀನಿ."

ಈಗ ಹೇಳಿ, ಹುಲಿ ಎಲ್ಲಿದೆ ಅಂತ ತಿಳಿಯೋದು ಹೇಗೆ? ಸದ್ದಿನಲ್ಲೂ ಸುಳಿವಿಲ್ಲ, ಮೌನದಲ್ಲೂ ಸುಳಿವಿಲ್ಲ. ಚುಕ್ಕವ್ವ ಮರಿಯನ್ನ ಮೈಗೆ ಒತ್ತಿಕೊಂಡು ನಿಂತೇ ನಿದ್ದೆ ಮಾಡಿದಳು. ಕೊನೆಗೆ ಜಿಂಕೆ, ಕಡವೆ, ಮೊಲ ಎಲ್ಲರನ್ನೂ ಕರೆದಳು.

"ಆ ಮರದ ಮಾತು ಬಿಟ್ಟಾಕಿ. ನಾವೇ ನೋಡೋಣ. ಕಂಡೋರು ಕಾಲು ಬಡೀರಿ, ಬಾಲ ಎತ್ತಿ. ಪಕ್ಕದೋರು ನೋಡಿ ಅವರ ಪಕ್ಕದೋರಿಗೆ ತಿಳಿಸ್ಲಿ. ಕಂಡಿದ್ದನ್ನ ಮಾತ್ರ ಹೇಳಿ. ಕಾಣದೇ ಹೆದರಿಸಿದೋರನ್ನ ಗುಂಪಿಗೆ ಸೇರಿಸಲ್ಲ."

"ಹುಲಿ ಇದನ್ನೂ ನಿಲ್ಲಿಸಿದ್ರೆ?" ಅಂತ ಮೊಲ ನಡುಗ್ತಾ ಕೇಳಿತು.

"ಎಷ್ಟು ಬಾಲ ಅಂತ ಹಿಡೀತಾನೆ ಬಿಡಪ್ಪಾ!" ಅಂದಳು ಚುಕ್ಕವ್ವ.

ಹುಲಿರಾಯನಿಗೆ ಬೇಟೆ ಸಿಗದೇ ಹೋಯ್ತು. ಪಕ್ಕೆ ಎಲುಬು ಎಣಿಸೋ ಹಾಗಾದ. ಹೊಟ್ಟೆ ತಡೀಲಾರದೆ ಕಾಡಂಚಿನ ಊರಿಗೆ ನುಗ್ಗಿ ದನ ಹಿಡಿದ. ಊರಿನೋರು ಬಿಡ್ತಾರಾ? ಹಳ್ಳಕ್ಕೆ ಹೋಗೋ ದಾರೀಲಿ ಆಳವಾದ ಗುಂಡಿ ತೋಡಿದ್ರು. ಮೇಲೆ ಸಣ್ಣ ಕೊಂಬೆ ಹಾಸಿ, ತರಗೆಲೆ ಮುಚ್ಚಿದ್ರು.

ತೋಡೋದನ್ನ ಮೊಲ ಕಂಡಿತು. ಮೊಲ ಜಿಂಕೆಗೆ ಹೇಳಿತು, ಜಿಂಕೆ ಕಡವೆಗೆ ಹೇಳಿತು. ಮುಳ್ಳುಹಂದಿಗೂ ಗೊತ್ತಾಯ್ತು. ಎಲ್ಲರೂ ಸುತ್ತು ಹಾಕಿಕೊಂಡು ಹಳ್ಳಕ್ಕೆ ಹೋಗೋಕೆ ಶುರು ಮಾಡಿದ್ರು. ಬರಮಣ್ಣನೂ ಮರದ ಮೇಲಿಂದ ಎಲ್ಲಾ ನೋಡಿದ. ನೋಡಿ, "ಕ್ಷೇಮ, ಎಲ್ಲಾ ಕ್ಷೇಮ" ಅಂತ ಕೂಗಿದ.

ಒಂದು ಮಧ್ಯಾಹ್ನ ಚುಕ್ಕವ್ವ ಹಳ್ಳದಲ್ಲಿ ಮರಿಗೆ ನೀರು ಕುಡಿಸ್ತಿದ್ದಳು. ಗುಂಪು ದೂರದಲ್ಲಿ ಮೇಯ್ತಿತ್ತು. ಗಾಳಿ ಎದುರಿಂದ ಬೀಸ್ತಿತ್ತು. ಹುಲಿ ಹಿಂದಿಂದ ಬಂದ. ಅವಳು ತಿರುಗಿ ನೋಡಿದಾಗ ಅವನು ನಾಲ್ಕು ನೆಗೆತದ ದೂರದಲ್ಲಿದ್ದ. ಮರಿ ಅಷ್ಟು ಜೋರಾಗಿ ಓಡಲಾರದು, ಅವಳಿಗದು ಗೊತ್ತು.

"ಪೊದೆಯೊಳಗೆ ಹೋಗು. ಉಸಿರು ಬಿಡಬೇಡ" ಅಂತ ಮರಿಯನ್ನ ಮೂತಿಯಿಂದ ತಳ್ಳಿದಳು. ತಾನು ಹುಲಿಯ ಕಣ್ಣೆದುರಿಗೇ ಕುಂಟಿದಳು. ಒಂದು ಹೆಜ್ಜೆ ಕುಂಟಿದಳು, ಎರಡು ಹೆಜ್ಜೆ ಕುಂಟಿದಳು. ಹಸಿದ ಹುಲಿ ಮರಿಯನ್ನ ಮರೆತು ಅವಳ ಬೆನ್ನು ಹತ್ತಿತು.

ಆಗ ಓಡಿದಳು ನೋಡಿ! ಸುತ್ತು ದಾರಿ ಬಿಟ್ಟು ನೇರ ದಾರಿ ಹಿಡಿದಳು. ಹಿಂದೆ ಅವನ ಬಿಸಿ ಉಸಿರು ಕಾಲಿಗೆ ತಾಕ್ತಾ ಇದೆ. ಮರದ ಮೇಲೆ ಬರಮಣ್ಣ "ಕ್ಷೇಮ, ಕ್ಷೇಮ" ಅಂತಿದ್ದಾನೆ. ತರಗೆಲೆ ರಾಶಿ ಬಂತು. ಚುಕ್ಕವ್ವ ಇದ್ದಬದ್ದ ಶಕ್ತಿ ಎಲ್ಲಾ ಹಾಕಿ ನೆಗೆದಳು. ಹಿಂಗಾಲಿನ ಗೊರಸು ಗುಂಡಿಯ ಅಂಚಿಗೆ ತಗುಲಿ ಮಣ್ಣು ಕುಸೀತು. ಅಯ್ಯೋ, ಬಿದ್ದಳಾ? ಇಲ್ಲ, ಮುಂಗಾಲು ಊರಿ ಮೇಲಕ್ಕೆ ಎಳ್ಕೊಂಡಳು.

ಹುಲಿರಾಯ ಓಡಿ ಬಂದ ರಭಸಕ್ಕೆ ದಡಾರ್ ಅಂತ ಒಳಗೆ ಬಿದ್ದ.

ಬಿದ್ದವನು ಮೇಲೆ ನೋಡಿ ಗರ್ಜಿಸಿದ. "ಬರಮಾ! ಈ ಗುಂಡಿ ನಿನಗೆ ಕಂಡಿತ್ತೇನೋ?"

"ತೋಡಿದ ದಿನವೇ ಕಂಡೆ ಬುದ್ಧಿ."

"ಮತ್ತೆ ಬೊಗಳಲಿಲ್ಲ ಯಾಕೆ?"

"ಬೇರೆ ಮಾತು ಬಂದ್ರೆ ನಾಲಿಗೆ ಕೀಳ್ತೀನಿ ಅಂದಿದ್ರಲ್ಲ ಬುದ್ಧಿ."

"ಯಾರಿಗೆಲ್ಲಾ ಗೊತ್ತಿತ್ತು?"

"ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೋರು ತಾವೊಬ್ಬರೇ."

ದೂರದಲ್ಲಿ ಊರಿನೋರ ತಮಟೆ ಸದ್ದು ಕೇಳಿಸ್ತು. ಹುಲಿರಾಯ ಗೋಡೆ ಕೆರೆದ, ಜಾರಿದ, ಮತ್ತೆ ಕೆರೆದ. "ಅಪ್ಪಣೆ ವಾಪಸ್ ತಗೊಂಡೆ ಕಣೋ! ನಿಜ ಕೂಗು! ಯಾರನ್ನಾದ್ರೂ ಕರಿ!"

ಬರಮಣ್ಣ ಗಂಟಲು ಹರ್ಕೊಂಡು ಕೂಗಿದ. "ರಾಜ ಗುಂಡಿಗೆ ಬಿದ್ದಿದ್ದಾನೆ, ಬನ್ರಪ್ಪಾ!" ಎಷ್ಟೋ ದಿನದ ಮೇಲೆ ಅವನು ಕೂಗಿದ ಒಂದೇ ಒಂದು ನಿಜ ಅದು. ಹುಲ್ಲು ಮೇಯ್ತಿದ್ದ ಒಂದು ಪ್ರಾಣಿಯೂ ತಲೆ ಎತ್ತಲಿಲ್ಲ. ಚುಕ್ಕವ್ವ ಪೊದೆಯಿಂದ ಮರಿಯನ್ನ ಕರ್ಕೊಂಡು ಅದರ ಮೈ ನೆಕ್ಕುತ್ತಿದ್ದಳು.

ನೀತಿ ಏನಂದ್ರೆ, ಸುದ್ದಿ ಹೇಳೋರ ಬಾಯಿ ಮುಚ್ಚಿಸಿದ ದೊರೆ ತನ್ನ ಕಿವಿಯನ್ನೇ ಮುಚ್ಕೊಂಡಿರ್ತಾನೆ. ಹಣ್ಣಿಗೆ ಬಾಯಿ ಮಾರಿಕೊಂಡೋರನ್ನ ನಿಜ ಹೇಳಿದ ದಿನವೂ ಯಾರೂ ನಂಬಲ್ಲ.

ಏಳ್ರಿ ಈಗ. ಕೇಳಿದ್ದನ್ನ ಮನೇಲಿ ಹೇಳ್ರಿ. ಒಂದು ಮಾತು ಸೇರಿಸಬೇಡಿ, ಹೆದರಿಕೊಂಡು ಒಂದು ಮಾತು ಬಿಡಲೂ ಬೇಡಿ.